ಬೀಡಿನ ಹೆಂಚು: ಫ್ಯಾಕ್ಟರಿ ಮಾಡಿದ್ದು ಅರ್ಧ, ಮನೆಯಲ್ಲಿ ಆಗಿದ್ದು ಉಳಿದರ್ಧ

ಕೈಗಾರಿಕಾ ಕ್ರಾಂತಿ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ಹೈಸ್ಕೂಲ್ ಪುಸ್ತಕದ ಪ್ರಕಾರ ಉಗಿಯಂತ್ರ, ರೈಲು, ಬಟ್ಟೆ ಮಿಲ್ಲು. ಜೇಮ್ಸ್ ವಾಟ್ ಹೆಸರು ಬರೆದರೆ ಒಂದು ಮಾರ್ಕ್ಸ್ ಗ್ಯಾರಂಟಿ. ಆದರೆ ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಒಬ್ಬ ವ್ಯಾಪಾರಿ ಅಡುಗೆ ಪಾತ್ರೆ ಬಗ್ಗೆ ತಲೆ ಕೆಡಿಸಿಕೊಂಡು ಕೂತಿದ್ದ. ಇವತ್ತಿನ ಎಪಿಸೋಡು ಆ ಪಾತ್ರೆಯದು. ಜೊತೆಗೆ, ನಮ್ಮ ನಿಮ್ಮ ಮನೆಯ ದೋಸೆ ಹೆಂಚಿನದೂ ಹೌದು.

ಆ ವ್ಯಾಪಾರಿಯ ಹೆಸರು ಅಬ್ರಹಾಂ ಡಾರ್ಬಿ. ಬ್ರಿಸ್ಟಲ್ ಊರಿನಲ್ಲಿ ಹಿತ್ತಾಳೆ ವ್ಯವಹಾರ ಮಾಡ್ತಿದ್ದ. ಆ ಕಾಲಕ್ಕೆ ಒಳ್ಳೆ ಪಾತ್ರೆ ಅಂದ್ರೆ ಹಿತ್ತಾಳೆ ಅಥವಾ ಕಂಚು. ಎರಡೂ ದುಬಾರಿ. ಬಡವರ ಮನೆಗೆ ಒಂದು ಪಾತ್ರೆ ಬಂದರೆ ಅದೇ ಆಸ್ತಿ. ಡಾರ್ಬಿ ಲೆಕ್ಕ ಸಿಂಪಲ್: ಇದೇ ಪಾತ್ರೆಯನ್ನ ಕಬ್ಬಿಣದಲ್ಲಿ ಎರಕ ಹೊಯ್ದರೆ ಅಗ್ಗಕ್ಕೆ ಕೊಡಬಹುದು, ಕೊಳ್ಳೋರು ಲಕ್ಷಾಂತರ ಜನ ಸಿಗ್ತಾರೆ.

ಎರಕದ ಕಬ್ಬಿಣಕ್ಕೆ ಕನ್ನಡದಲ್ಲಿ ಚಂದದ ಹೆಸರಿದೆ, ಬೀಡು. ಶುದ್ಧ ಕಬ್ಬಿಣ ಕರಗೋಕೆ 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದರಲ್ಲಿ ನೂರಕ್ಕೆ ನಾಲ್ಕು ಭಾಗದಷ್ಟು ಇಂಗಾಲ ಸೇರಿದರೆ 1150 ಡಿಗ್ರಿ ಆಸುಪಾಸಿನಲ್ಲೇ ಕರಗಿ ನೀರಾಗುತ್ತೆ. ಅಚ್ಚಿಗೆ ಸುರಿಯಬಹುದು. ಚೀನಾದವರು ಇದನ್ನ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಮಾಡ್ತಿದ್ದರು. ಇಂಗಾಲ ಹೆಚ್ಚಿರೋದರಿಂದ ಒಂದು ದೋಷವೂ ಬರುತ್ತೆ: ಬೀಡು ಬಗ್ಗೋದಿಲ್ಲ, ಒಡೆಯುತ್ತೆ. ಹೆಂಚು ಕೈಜಾರಿ ಬಿದ್ದು ಎರಡು ಹೋಳಾಗೋದು ಅದಕ್ಕೇ.

ಯುರೋಪಿನಲ್ಲೂ ಎರಕದ ಪಾತ್ರೆ ಇದ್ದವು. ಆದರೆ ಜೇಡಿಮಣ್ಣಿನ ಅಚ್ಚು ಮಾಡಿ, ಒಣಗಿಸಿ, ಸುರಿದು, ಒಡೆದು ತೆಗೀಬೇಕಿತ್ತು. ನಿಧಾನದ ಕೆಲಸ. ಡಾರ್ಬಿ ಬರೀ ಮರಳಿನ ಅಚ್ಚಿನಲ್ಲಿ, ಒಂದೇ ಮಾದರಿಯನ್ನ ಮತ್ತೆ ಮತ್ತೆ ಒತ್ತಿ, ಹೊಟ್ಟೆ ಉಬ್ಬಿದ ಪಾತ್ರೆ ಎರಕ ಹೊಯ್ಯೋ ವಿಧಾನಕ್ಕೆ 1707ರ ಏಪ್ರಿಲ್‌ನಲ್ಲಿ ಪೇಟೆಂಟ್ ತಗೊಂಡ. ಈ ಪ್ರಯೋಗದಲ್ಲಿ ಜೊತೆಗಿದ್ದವನು ಜಾನ್ ಥಾಮಸ್ ಅನ್ನೋ ವೇಲ್ಸ್ ಹುಡುಗ, ಡಾರ್ಬಿ ಹತ್ತಿರ ಕೆಲಸ ಕಲೀತಿದ್ದವನು. ಪೇಟೆಂಟಿನಲ್ಲಿ ಇರೋದು ಡಾರ್ಬಿ ಹೆಸರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಾರ್ಬಿ ಆಮೇಲೆ ಕೋಲ್‌ಬ್ರೂಕ್‌ಡೇಲ್ ಅನ್ನೋ ಕಣಿವೆಯಲ್ಲಿ ಹಳೇ ಕುಲುಮೆ ಬಾಡಿಗೆಗೆ ಹಿಡಿದ. ಕಬ್ಬಿಣ ಕರಗಿಸೋಕೆ ಆಗ ಮರದ ಇದ್ದಿಲು ಬೇಕಿತ್ತು, ಅದು ದುಬಾರಿ. 1709ರಲ್ಲಿ ಅವನು ಇದ್ದಿಲಿನ ಬದಲು ಕೋಕ್ ಹಾಕಿದ. ಕುಡಿಯೋ ಕೋಕ್ ಅಲ್ಲ, ಕಲ್ಲಿದ್ದಲನ್ನ ಗಾಳಿ ಸೋಕದ ಹಾಗೆ ಕಾಯಿಸಿದರೆ ಉಳಿಯೋ ಗಟ್ಟಿ ಉರುವಲು. ಕೋಕ್ ಹಾಕಿ ತೆಗೆದ ಕಬ್ಬಿಣವನ್ನ ಕಮ್ಮಾರರು ಬಹಳ ವರ್ಷ ಒಪ್ಪಲಿಲ್ಲ, ಬಡಿಯೋಕೆ ಅದು ಸರಿಹೋಗ್ತಿರಲಿಲ್ಲ. ಆದರೆ ಪಾತ್ರೆಗೆ ಹೇಳಿ ಮಾಡಿಸಿದ ಹಾಗಿತ್ತು. ಸಲೀಸಾಗಿ ಹರಿದು ತೆಳುವಾದ ಎರಕಕ್ಕೂ ಒಗ್ಗುತ್ತಿತ್ತು. ಅಂದ್ರೆ ಕೋಕ್ ಕುಲುಮೆಗೆ ಆರಂಭದ ಗಿರಾಕಿ ಅಡುಗೆಮನೆ. 1720ರ ದಶಕದಲ್ಲಿ ಅದೇ ಜಾಗದಲ್ಲಿ ಉಗಿಯಂತ್ರದ ಸಿಲಿಂಡರ್ ಎರಕವಾಯಿತು. 1779ರಲ್ಲಿ ಡಾರ್ಬಿ ಮೊಮ್ಮಗನ ಕಾಲಕ್ಕೆ ಅಲ್ಲೇ ಹತ್ತಿರ ಸೆವರ್ನ್ ನದಿಗೆ ಕಬ್ಬಿಣದ ಸೇತುವೆ ನಿಂತಿತು. ಅಷ್ಟಕ್ಕೂ ಮೊದಲ ಬಂಡವಾಳ ಪಾತ್ರೆ ವ್ಯಾಪಾರದ್ದು.

ಹೋಲಿಕೆಗೆ ನಮ್ಮ ಭದ್ರಾವತಿ ನೋಡಿ. ಅಲ್ಲಿ 1923ರಲ್ಲಿ ಕುಲುಮೆ ಹೊತ್ತಿದಾಗ, ಡಾರ್ಬಿ ಕೋಕ್ ಹಾಕಿ ಎರಡು ಶತಮಾನ ಕಳೆದಿದ್ದರೂ, ಉರಿದದ್ದು ಇದ್ದಿಲೇ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡಿತ್ತು.

ಬಿಕಾಂ ಓದಿದವನಾಗಿ ಇನ್ನೊಂದು ವಿಷಯ ಹೇಳಲೇಬೇಕು. 1776ರಲ್ಲಿ ಬಂದ ಆಡಂ ಸ್ಮಿತ್ ಪುಸ್ತಕದಲ್ಲೂ ಪಾತ್ರೆ ಬರುತ್ತೆ. ಚಿನ್ನ ಬೆಳ್ಳಿ ಕೂಡಿಡೋದೇ ಸಂಪತ್ತು ಅನ್ನೋರನ್ನ ಅವನು ಹಾಸ್ಯ ಮಾಡ್ತಾನೆ: ಪಾತ್ರೆಯೂ ಬಹುಕಾಲ ಬಾಳುತ್ತೆ, ಹಾಗಂತ ದೇಶ ತುಂಬಾ ಪಾತ್ರೆ ಪೇರಿಸಿಡ್ತೀರಾ ಅಂತ. ಬೀಡಿನ ಪಾತ್ರೆಯ ಬಾಳಿಕೆ ಎಷ್ಟು ಅನ್ನೋದಕ್ಕೆ ಸಾಕ್ಷಿ ಅಮೆರಿಕದಲ್ಲಿ ಸಿಗುತ್ತೆ. ಜಾರ್ಜ್ ವಾಷಿಂಗ್ಟನ್ ತಾಯಿ 1788ರಲ್ಲಿ ಬರೆಸಿದ ಉಯಿಲಿನಲ್ಲಿ ಅಡುಗೆಮನೆಯ ಕಬ್ಬಿಣದ ಸಾಮಾನು ಯಾರಿಗೆ ಹೋಗಬೇಕು ಅಂತ ಬೇರೆಯಾಗಿ ಹೇಳಿದ್ದಾರೆ.

ಈಗ ಅಸಲು ವಿಷಯ. ಡಾರ್ಬಿ ಕುಲುಮೆಯಿಂದ ಬಂದ ಪಾತ್ರೆಯಾಗಲಿ, ಸಂತೆಯಲ್ಲಿ ಕೊಂಡ ಹೊಸ ಹೆಂಚಾಗಲಿ, ಅಡುಗೆಗೆ ಪೂರ್ತಿ ತಯಾರಿರಲ್ಲ. ಮರಳಿನ ಅಚ್ಚಿನಲ್ಲಿ ಹುಟ್ಟಿದ್ದರಿಂದ ಮೈ ತರಿತರಿ. ನೀರು ಸೋಕಿದರೆ ತುಕ್ಕು. ದೋಸೆ ಹುಯ್ದರೆ ಅಂಟಿಕೊಂಡು ಕೂರುತ್ತೆ. ಅದನ್ನ ಪಾತ್ರೆ ಅನ್ನಿಸೋ ಕೆಲಸ ಮನೆಯಲ್ಲೇ ಆಗಬೇಕು. ಆ ಕೆಲಸಕ್ಕೆ ನಮ್ಮವರು ಇಟ್ಟ ಹೆಸರು ಪಳಗಿಸೋದು. ಆನೆ ಪಳಗಿಸ್ತಾರಲ್ಲ, ಅದೇ ಮಾತು.

ಪಳಗಿಸೋದು ಹೇಗೆ? ಚೆನ್ನಾಗಿ ತೊಳೆದು, ಕೆಲವು ಮನೆಗಳಲ್ಲಿ ದಿನಗಟ್ಟಲೆ ಅಕ್ಕಿ ತೊಳೆದ ನೀರಲ್ಲೋ ಗಂಜಿಯಲ್ಲೋ ಇಟ್ಟು, ಒಲೆ ಮೇಲೆ ಪೂರ್ತಿ ಒಣಗಿಸ್ತಾರೆ. ಆಮೇಲೆ ತೆಳ್ಳಗೆ ಎಣ್ಣೆ ಸವರಿ ಕಾಯಿಸೋದು, ಆರಿಸೋದು, ಮತ್ತೆ ಸವರೋದು. ಎಣ್ಣೆ ಸವರೋಕೆ ಅರ್ಧ ಕತ್ತರಿಸಿದ ಈರುಳ್ಳಿ ಅಥವಾ ಬದನೆಕಾಯಿ ತೊಟ್ಟು. ಬಿಸಿಯಲ್ಲಿ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ, ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಕಬ್ಬಿಣದ ಮೇಲೆ ಗಟ್ಟಿ ಪದರ ಆಗುತ್ತೆ. ಆಗ ಅದು ಎಣ್ಣೆಯಲ್ಲ, ಒಂದು ಥರ ವಾರ್ನಿಷ್. ಎಣ್ಣೆ ದಪ್ಪ ಹಚ್ಚಿದರೆ ಅಂಟಂಟಾಗುತ್ತೆ. ಎಷ್ಟೋ ಸಲ ತೆಳ್ಳಗೆ ಹಚ್ಚಿದರೇ ಆ ಕರಿ ಮಿಂಚು ಬರೋದು.

ಮನೆಯಲ್ಲಿ ಕೇಳಿರೋ ಬೈಗುಳಗಳಿಗೂ ಇಲ್ಲೇ ಕಾರಣ ಇದೆ. ದೋಸೆ ಹೆಂಚಲ್ಲಿ ಚಪಾತಿ ಮಾಡಬೇಡ ಅಂತಾರೆ, ಯಾಕಂದ್ರೆ ಎಣ್ಣೆ ಇಲ್ಲದೆ ಜೋರಾಗಿ ಕಾದರೆ ಪದರ ಸುಟ್ಟುಹೋಗುತ್ತೆ. ಹೊಸ ಬೀಡಿನ ಬಾಣಲೆಯಲ್ಲಿ ಹುಣಸೆಹುಳಿ ಕುದಿಸಬೇಡ ಅಂತಾರೆ, ಯಾಕಂದ್ರೆ ಹುಳಿ ಎಳೇ ಪದರವನ್ನ ತಿನ್ನುತ್ತೆ. ತೊಳೆದು ಹಾಗೇ ಇಡಬೇಡ, ಒಲೆ ಮೇಲೆ ಒಣಗಿಸು ಅಂತಾರೆ. ರಸಾಯನಶಾಸ್ತ್ರದ ಹೆಸರು ಗೊತ್ತಿಲ್ಲದೆ ಅದರ ನಿಯಮ ಪಾಲಿಸಿದವರು ಇವರು.

ನನಗೆ ಕಾಡೋ ಪ್ರಶ್ನೆ ಇದು. ಫ್ಯಾಕ್ಟರಿ ಅರ್ಧ ಮಾಡಿ ಮಾರಿತು. ಉಳಿದರ್ಧ ಹೆಂಗಸರು ದುಡ್ಡಿಲ್ಲದೆ ಮಾಡಿದರು. ಹೊಯ್ದ ಎರಕ ಲೆಕ್ಕಪುಸ್ತಕದಲ್ಲಿದೆ, ಹಚ್ಚಿದ ಎಣ್ಣೆ ಯಾವ ಪುಸ್ತಕದಲ್ಲೂ ಇಲ್ಲ. ಜಾನ್ ಥಾಮಸ್ ಹೆಸರಾದರೂ ಉಳೀತು, ಇವರದ್ದು ಅದೂ ಇಲ್ಲ.

ಹಾಗಾಗಿ ಆ ಕೆಲಸ ತಪ್ಪಿಸೋ ವಸ್ತು ಸಿಕ್ಕಾಗ ಜನ ಅತ್ತ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಟೆಫ್ಲಾನ್ ಕಂಡುಹಿಡಿದ. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನ ಮೀನಿನ ಗಾಳದ ಸಾಮಾನಿಗೆ ಬಳಿಯೋ ಪ್ರಯತ್ನದಲ್ಲಿದ್ದ. ನನ್ನ ಪಾತ್ರೆಗೆ ಬಳಿದುಕೊಡು ಅಂದದ್ದು ಹೆಂಡತಿ ಕೊಲೆಟ್ ಅಂತ ಕಥೆ. ಟೆಫಾಲ್ ಹುಟ್ಟಿದ್ದು ಹಾಗೆ. ಹಗುರ, ತುಕ್ಕಿಲ್ಲ, ಮೊದಲ ದೋಸೆಯೇ ಎದ್ದು ಬರುತ್ತೆ. ನಮ್ಮ ಅಮ್ಮಂದಿರು ನಾನ್‌ಸ್ಟಿಕ್ ಕೊಂಡಾಗ ಸಂಪ್ರದಾಯ ಮರೆತರು ಅನ್ನೋದು ಅನ್ಯಾಯ. ಅವರು ತಮ್ಮ ಮಣಿಕಟ್ಟು, ತಮ್ಮ ಸಮಯ ಉಳಿಸಿಕೊಂಡರು.

ಅದಕ್ಕೂ ಬೆಲೆ ಇತ್ತು. ಟೆಫ್ಲಾನ್ ತಯಾರಿಕೆಯಲ್ಲಿ ಬಳಸ್ತಿದ್ದ ಪಿಎಫ್ಒಎ ಅನ್ನೋ ರಾಸಾಯನಿಕ ಅಮೆರಿಕದ ವೆಸ್ಟ್ ವರ್ಜೀನಿಯಾ, ಒಹಾಯೊ ಜನರ ಕುಡಿಯೋ ನೀರಿಗೆ ಸೇರಿತು. ಆ ಕೇಸುಗಳನ್ನ 2017ರಲ್ಲಿ 67 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಇತ್ಯರ್ಥ ಮಾಡಲಾಯಿತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನ ನಿಷೇಧದ ಪಟ್ಟಿಗೆ ಸೇರಿಸಿತು.

ಈಗ ಬೀಡು ವಾಪಸ್ ಬಂದಿದೆ, ಹೊಸ ಲೇಬಲ್ ಹಚ್ಚಿಕೊಂಡು: ಪ್ರೀ-ಸೀಸನ್ಡ್. ಅಮೆರಿಕದ ಲಾಡ್ಜ್ ಕಂಪನಿ, 1896ರಿಂದ ಬೀಡಿನ ಪಾತ್ರೆ ಮಾಡ್ತಿರೋದು, 2002ರಲ್ಲಿ ಫ್ಯಾಕ್ಟರಿಯಲ್ಲೇ ಪಳಗಿಸಿ ಮಾರೋಕೆ ಶುರು ಮಾಡಿತು. ಈಗ ನಮ್ಮ ಫೋನಿನ ಶಾಪಿಂಗ್ ಆ್ಯಪ್ ತುಂಬಾ ಅದೇ ಲೇಬಲ್. ಅಜ್ಜಿ ಪುಕ್ಕಟೆ ಮಾಡಿದ ಕೆಲಸಕ್ಕೆ ಕೊನೆಗೂ ಬಿಲ್ಲಿನಲ್ಲಿ ಜಾಗ ಸಿಕ್ಕಿದೆ. ತಪ್ಪೇನಿಲ್ಲ, ಕೊಳ್ಳಿ. ಆದರೆ ಆ ಪದರ ಆರಂಭ ಅಷ್ಟೇ. ದಿನಾ ಬಳಸಿ, ಒಣಗಿಸಿ, ಹನಿ ಎಣ್ಣೆ ಸವರಿದರೇ ಉಳಿಯೋದು. ಮತ್ತೆ ಆ ಕೆಲಸ ಮನೆಯಲ್ಲಿ ಒಬ್ಬರ ತಲೆಗೇ ಬರದ ಹಾಗೆ ನೋಡಿಕೊಳ್ಳೋದು ನಮ್ಮ ಕಾಲದವರ ಪಾಲು. ಹುಡುಗರೇ, ಹೆಂಚು ಒಣಗಿಸೋಕೆ ಡಿಗ್ರಿ ಬೇಕಿಲ್ಲ.

ನಿಮ್ಮ ಮನೆಯಲ್ಲಿ ಹಳೇ ಹೆಂಚಿದ್ದರೆ, ಅದನ್ನ ಪಳಗಿಸಿದ್ದು ಯಾರು ಅಂತ ಕೇಳಿ. ಹೆಸರು ಬರೆದು ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಓದ್ತೀನಿ. ಸಿಗೋಣ.