ಬೆಟ್ಟದಲ್ಲಿ ಟೆನಿಸ್ ಚೆಂಡು ಗೆರೆ ದಾಟುತ್ತಿದೆಯೇ? ತಪ್ಪು ರ‍್ಯಾಕೆಟ್‌ನದಲ್ಲ

ಹೇಳಿಕೆ: ಹೊಡೆತ ಗೆರೆ ದಾಟುತ್ತಿದ್ದರೆ ದುಬಾರಿ ರ‍್ಯಾಕೆಟ್ ಕೊಳ್ಳಬೇಕು.

ವಾಸ್ತವ: ಕೊಳ್ಳೇಗಾಲದಲ್ಲಿ ಚೆನ್ನಾಗಿ ಆಡುವವರ ಚೆಂಡೂ ಬಿಳಿಗಿರಿರಂಗನ ಬೆಟ್ಟದ ಮೇಲೆ ಗೆರೆ ದಾಟಬಹುದು. ಕಾರಣ ಎತ್ತರ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲಿದೆ. ಅಲ್ಲಿ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಹೊರಗಿನ ಒತ್ತಡ ತಗ್ಗಿರುವುದರಿಂದ ಅದು ಹೆಚ್ಚು ಪುಟಿಯುತ್ತದೆ ಕೂಡ. ಅಂತರರಾಷ್ಟ್ರೀಯ ಟೆನಿಸ್ ನಿಯಮಗಳಲ್ಲೇ 4,000 ಅಡಿಗಿಂತ ಎತ್ತರದ ಜಾಗಗಳಿಗೆ ಬೇರೆ ಬಗೆಯ ಚೆಂಡುಗಳಿವೆ.

ಏನು ಮಾಡಬೇಕು? ರ‍್ಯಾಕೆಟನ್ನು ತೀರಾ ಹಿಂದಕ್ಕೆ ಬೀಸಬೇಡಿ. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿದಂತೆ ಹೊಡೆಯಿರಿ. ಈ ಟಾಪ್‌ಸ್ಪಿನ್‌ನಿಂದ ಚೆಂಡು ಬೇಗ ಕೆಳಗಿಳಿಯುತ್ತದೆ. ತಂತಿ ಬಿಗಿ ಮಾಡಿಸಿದರೂ ಹಿಡಿತ ಸಿಗುತ್ತದೆ. ಆದರೆ ವಿಪರೀತ ಬಿಗಿಯಾದರೆ ಅದರ ಪೆಟ್ಟು ನಿಮ್ಮ ಮೊಣಕೈಗೆ.

ನಮ್ಮ ತೀರ್ಮಾನ: ಮೊದಲು ಹೊಡೆತ ಬದಲಿಸಿ, ಹಣ ಉಳಿಸಿ.