ಕಥೆ ಹೇಳುವ ಹಾಡುಗಳು

ಕುಕ್ಕುಂದೂರಿನವರಿಗೆ ಹಾಡಿನಲ್ಲಿ ಕಥೆ ಕೇಳುವುದು ಹೊಸತಲ್ಲ. 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಯಕ್ಷಗಾನ ಪ್ರಸಂಗಗಳನ್ನು ಬರೆದ ಮುದ್ದಣ (1870-1901) ಇದೇ ಕಾರ್ಕಳ ತಾಲೂಕಿನ ನಂದಳಿಕೆಯವರು. ಭಾಗವತರ ಒಂದು ಯುದ್ಧದ ಪದವನ್ನಷ್ಟೇ ಕೇಳಿದರೆ ಚೆಂಡೆಯ ಅಬ್ಬರ ಸಿಕ್ಕೀತು. ಯುದ್ಧ ಯಾಕೆಂದು ತಿಳಿಯಲು ಹಿಂದಿನ ಪದಗಳೂ ಬೇಕು.

ಪಾಶ್ಚಾತ್ಯ ರಾಕ್ ಸಂಗೀತದಲ್ಲೂ ಇಂಥ ಪ್ರಯೋಗ ನಡೆದಿದೆ. 'ದಿ ಹೂ' ತಂಡದ 'ಟಾಮಿ' (1969) ಒಂದೇ ಕಥೆಯ ಹಾಡುಗಳ ಆಲ್ಬಮ್. ಮುಂದೆ ಗಿಟಾರಿನ ಅಬ್ಬರಕ್ಕೆ ಮತ್ತೆ ಮತ್ತೆ ಬದಲಾಗುವ ತಾಳಗಳನ್ನೂ ದೀರ್ಘ ರಚನೆಗಳನ್ನೂ ಬೆರೆಸಿದ ಪ್ರೋಗ್ರೆಸಿವ್ ಮೆಟಲ್ ಈ ದಾರಿ ಹಿಡಿಯಿತು. ಕ್ವೀನ್ಸ್‌ರೈಕ್ ತಂಡದ 'ಆಪರೇಷನ್: ಮೈಂಡ್‌ಕ್ರೈಮ್' (1988), ಡ್ರೀಮ್ ಥಿಯೇಟರ್ ತಂಡದ 'ಸೀನ್ಸ್ ಫ್ರಮ್ ಎ ಮೆಮೊರಿ' (1999) ಇದರ ಮೈಲಿಗಲ್ಲುಗಳು.

ಇವುಗಳ ಹಿರಿಮೆ ಎಲ್ಲಿದೆ? ವೇಗದ ಬೆರಳುಗಳಲ್ಲಿ ಮಾತ್ರವಲ್ಲ. ಎರಡನೆಯ ಆಲ್ಬಮ್ಮಿನ 12 ಹಾಡುಗಳಲ್ಲಿ 1928ರ ಒಂದು ಕೊಲೆಯ ಕಥೆಯಿದೆ. ಒಂದು ಹಾಡು ಪತ್ರಿಕಾ ವರದಿಯ ರೂಪದಲ್ಲಿದೆ. ಪ್ರೇಮಿಯೇ ಕೊಂದು ತಾನೂ ಸತ್ತನೆಂದು ಅದನ್ನು ಕೇಳಿದವರು ನಂಬುತ್ತಾರೆ. ಕೊನೆಯ ಹಾಡಿನಲ್ಲಷ್ಟೇ ತಿಳಿಯುವುದು, ಸಾಕ್ಷಿ ನುಡಿದವನೇ ಕೊಲೆಗಾರನೆಂದು! ಆಗ ಮೊದಲು ಕೇಳಿದ ಹಾಡಿನ ಅರ್ಥವೇ ಬದಲಾಗುತ್ತದೆ. ಹಿಂದೆ ಬಂದ ರಾಗಗಳು ಮರಳಿ ಬಂದಾಗ ಹಳೆಯ ನೆನಪೂ ಜೊತೆಗೆ ಬರುತ್ತದೆ.

ಸಂಗೀತವೂ ಕಥೆಯೂ ಹೀಗೆ ಒಂದನ್ನೊಂದು ಬಿಟ್ಟಿರಲಾರದಂತೆ ಬೆಸೆದುಕೊಂಡಾಗಲೇ ಆಲ್ಬಮ್ ದೊಡ್ಡದಾಗುತ್ತದೆ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ಕೇಳಿ ಮುಂದೆ ಸಾಗುವ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ. ಹಾಡಾಗಲಿ, ಸುದ್ದಿಯಾಗಲಿ, ಪೂರ್ತಿ ಕೇಳದೆ ತೀರ್ಪು ಕೊಡುವುದು ಸರಿಯೇ?