ಭೂಮಿ ಯೋಜನೆ: ಪಹಣಿ ಕಂಪ್ಯೂಟರ್ ಸೇರಿದ ಬಗೆ

ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಜಾರಿಗೆ ತಂದ, ಜಮೀನು ದಾಖಲೆಗಳ ಗಣಕೀಕರಣ ಯೋಜನೆಯೇ ‘ಭೂಮಿ’. 1990ರ ದಶಕದ ಕೊನೆಯಲ್ಲಿ ಚುರುಕು ಪಡೆದ ಈ ಕೆಲಸ 2002ರ ಹೊತ್ತಿಗೆ 177 ತಾಲ್ಲೂಕುಗಳನ್ನು ಮುಟ್ಟಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ ಹೆಚ್ಚುಕಡಿಮೆ 2 ಕೋಟಿ ಪಹಣಿಗಳು, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗಳು, ಕಂಪ್ಯೂಟರ್ ಸೇರಿದ್ದವು.

ಬೆಳೆಸಾಲಕ್ಕೆ, ಜಮೀನು ಮಾರಲು, ಕೋರ್ಟಿನಲ್ಲಿ ಜಾಮೀನು ನಿಲ್ಲಲು ಎಲ್ಲಕ್ಕೂ ಪಹಣಿ ಬೇಕು. ವಂಶಪಾರಂಪರ್ಯ ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾದ ಮೇಲೆ ಈ ದಾಖಲೆಗಳು ಗ್ರಾಮ ಲೆಕ್ಕಿಗರ ಕೈಗೆ ಬಂದವು. ರಾಜ್ಯದಲ್ಲಿ ಆಗ ಅವರು ಸುಮಾರು 9 ಸಾವಿರ ಮಂದಿ ಇದ್ದರು. ಒಬ್ಬೊಬ್ಬರಿಗೆ ಮೂರ್ನಾಲ್ಕು ಊರು. ಪುಸ್ತಕ ಅವರ ಹತ್ತಿರವೇ ಇರುತ್ತಿದ್ದುದರಿಂದ ಅದರಲ್ಲೇನು ಬರೆದಿದೆ ಎಂದು ಬೇರೆಯವರು ನೋಡುವುದೇ ಕಷ್ಟವಾಗಿತ್ತು. ನಕಲು ಕೇಳಿದವರು ಅಲೆಯಬೇಕಿತ್ತು, ಕೈ ಬಿಸಿ ಮಾಡಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿದ್ದವು.

ಹಳೆಯ ಪುಸ್ತಕಗಳಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸಿ, ಮುದ್ರಿಸಿ, ಲೆಕ್ಕಿಗರಿಂದಲೇ ತಾಳೆ ನೋಡಿಸಲಾಯಿತು. ಬಳಿಕ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. 15 ರೂಪಾಯಿ ಕಟ್ಟಿ ಸರ್ವೆ ನಂಬರ್ ಹೇಳಿದರೆ ಪಹಣಿ ಕೈಗೆ ಬರುತ್ತಿತ್ತು. ಸಿಬ್ಬಂದಿಯ ಪರದೆಯಲ್ಲಿ ಕಾಣುವುದು ರೈತನಿಗೂ ಕಾಣಲೆಂದು ಅವನ ಕಡೆಗೊಂದು ಪರದೆ ತಿರುಗಿಸಿಡಲಾಗಿತ್ತು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಯನ್ನೇ ಮೊದಲು ತೆಗೆದುಕೊಳ್ಳಬೇಕಿತ್ತು. ಅನುಮೋದಿಸುವ ಅಧಿಕಾರಿ ಬೆರಳಚ್ಚು ಒತ್ತಿಯೇ ತಂತ್ರಾಂಶದೊಳಗೆ ಹೋಗಬೇಕಿತ್ತು. ಆದರೆ ಈ ಯಾವುದಕ್ಕಿಂತಲೂ ನಿರ್ಣಾಯಕವಾದದ್ದು ಒಂದು ಆಡಳಿತಾತ್ಮಕ ತೀರ್ಮಾನ: ಕೇಂದ್ರ ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಹಳೆಯ ದಾರಿಯನ್ನೂ ತೆರೆದಿಟ್ಟಿದ್ದರೆ ಯಂತ್ರಗಳು ಧೂಳು ಹಿಡಿಯುತ್ತಿದ್ದವು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೆವು ಎಂದವರು ಸುಮಾರು ಮೂರರಲ್ಲಿ ಎರಡು ಪಾಲು. ಭೂಮಿ ಕೇಂದ್ರದಲ್ಲಿ ಕೊಟ್ಟೆವು ಎಂದವರು ಶೇ 3ರಷ್ಟು ಮಾತ್ರ. ಬೇರೆ ರಾಜ್ಯಗಳ ಅಧಿಕಾರಿಗಳು ಈ ವ್ಯವಸ್ಥೆಯನ್ನು ನೋಡಿಹೋಗಲು ಬಂದರು.

ಟೀಕೆಗಳೂ ಬಂದವು. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, ಊರಿನಲ್ಲಿದ್ದ ದಾಖಲೆಯ ಹತೋಟಿ ಮೇಲಕ್ಕೆ ಹೋದದ್ದರಿಂದ ಬೆಂಗಳೂರಿನ ಸುತ್ತಲಿನ ಜಮೀನು ದೊಡ್ಡ ಕುಳಗಳ ಕೈ ಸೇರುವುದು ಸುಲಭವಾಯಿತೆಂದು ವಾದಿಸಿದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ದಾಖಲೆ ಎಲ್ಲರಿಗೂ ಒಂದೇ ಬಗೆಯಲ್ಲಿ ತೆರೆದುಕೊಂಡರೂ ಅದನ್ನು ಬಳಸಿಕೊಳ್ಳುವ ಬಲ ಎಲ್ಲರಿಗೂ ಒಂದೇ ಅಲ್ಲ.

ಇದಕ್ಕಿಂತ ಆಳವಾದ ತೊಡಕು ಪಹಣಿಯೊಳಗೇ ಇದೆ. ಕಾಲಂ 9ರಲ್ಲಿ ಹಿಡುವಳಿದಾರರ ಹೆಸರು, 11ರಲ್ಲಿ ಸಾಲ ಮತ್ತು ಋಣಭಾರ, 12ರಲ್ಲಿ ಬೆಳೆ. ಕಾಲಂ 9ರಲ್ಲಿ ಹೆಸರಿದ್ದವರಿಗೆ ಕಂಪ್ಯೂಟರ್ ದಾರಿ ಸಲೀಸು ಮಾಡಿತು. ಹೆಸರಿಲ್ಲದವರು ಹೊರಗೇ ಉಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ 1994ರಲ್ಲಿ ತಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು, ಆದರೆ ಪಾಲುಪಟ್ಟಿಯಾಗಿ ಖಾತೆ ಬದಲಾಗುವ ತನಕ ಅವರ ಹೆಸರು ಪಹಣಿಗೆ ಬಾರದು. 1974ರ ಭೂಸುಧಾರಣೆಯ ನಂತರ ಗೇಣಿ ಕಾನೂನುಬಾಹಿರವಾದ್ದರಿಂದ, ಇಂದು ಬಾಯಿಮಾತಿನ ಗುತ್ತಿಗೆಗೆ ಉಳುವವರಿಗೆ ದಾಖಲೆಯೇ ಇಲ್ಲ. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಸೇರುವುದೂ ಹಿಡುವಳಿದಾರರ ಕುಟುಂಬಕ್ಕೇ ಹೊರತು ಹೀಗೆ ಗುತ್ತಿಗೆಗೆ ಉಳುವವರಿಗಲ್ಲ.

ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುವ ಖಾತೆಗಳದ್ದು ಇನ್ನೊಂದು ಕತೆ. ಮೊಮ್ಮಕ್ಕಳು ಅದೇ ನೆಲ ಉಳುತ್ತಿದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅವರು ರೈತರಲ್ಲ. ಇಂಥವನ್ನು ವಾರಸುದಾರರಿಗೆ ವರ್ಗಾಯಿಸಲು ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ನಡೆಸುತ್ತ ಬಂದಿದೆ. ಅದಕ್ಕೆ ಮರಣಪತ್ರ, ವಂಶವೃಕ್ಷದ ಜೊತೆಗೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆಯೂ ಬೇಕು.